ಮೇಜಿನ ಮೇಲೆ ಜೋಗ

ದಸರೆಯಲ್ಲಿ ಗೊಂಬೆ ಕೂರಿಸುವ ಮನೆಗಳಲ್ಲಿ ಮೆಟ್ಟಿಲುಗಳ ಕೆಳಗೆ ಒಂದು ‘ಪಾರ್ಕು’ ಇರುವುದನ್ನು ನೀವು ನೋಡಿರಬಹುದು. ತಟ್ಟೆಯಲ್ಲಿ ಮೊಳಕೆ ಬರಿಸಿದ ರಾಗಿಯೇ ಹುಲ್ಲುಗಾವಲು, ಕನ್ನಡಿಯೇ ಕೆರೆ, ಮರಳಿನ ಗುಡ್ಡೆಯೇ ಬೆಟ್ಟ. ಕೆರೆಯಲ್ಲಿರುವ ಬಾತುಕೋಳಿ ದಡದ ದೇವಸ್ಥಾನಕ್ಕಿಂತ ದೊಡ್ಡದು. ಬೆಟ್ಟದ ಮೇಲಿನ ಹುಲಿ ಬಸ್ಸಿನಷ್ಟು ಉದ್ದ. ಇದಕ್ಕೆ ಯಾರೂ ಆಕ್ಷೇಪ ಎತ್ತುವುದಿಲ್ಲ. ಎತ್ತಬೇಕಾಗಿಯೂ ಇಲ್ಲ, ಅದು ಹಬ್ಬ. ಆದರೆ ಅಂಥದೇ ಒಂದು ರಚನೆಯನ್ನು ವಿಜ್ಞಾನ ಪ್ರದರ್ಶನದಲ್ಲಿಟ್ಟು ‘ಜೋಗ ಜಲಪಾತ’ ಎಂದು ಚೀಟಿ ಅಂಟಿಸಿದರೆ ಆಗ ಲೆಕ್ಕ ಕೊಡಬೇಕಾಗುತ್ತದೆ.

ಕೆಲವು ವರ್ಷಗಳ ಹಿಂದೆ ಒಂದು ಪ್ರೌಢಶಾಲೆಯ ಮಕ್ಕಳೊಂದಿಗೆ ಸೇರಿ ನಾನು ಮೊದಲ ಬಾರಿಗೆ ಇಂಥ ಮಾದರಿಯೊಂದನ್ನು ಮಾಡಿಸಿದೆ. ಆ ಲೆಕ್ಕ ಕೊಡಲು ನನಗೆ ಆಗಲಿಲ್ಲ. ಮೂವತ್ತು ವರ್ಷ ಭೌತಶಾಸ್ತ್ರ ಪಾಠ ಹೇಳಿದವನು ಎಲ್ಲಿ ಎಡವಿದೆ, ಎರಡನೆಯ ಬಾರಿ ಏನು ಮಾಡಿದೆವು ಎಂಬುದನ್ನು ಇಲ್ಲಿ ಬರೆದಿದ್ದೇನೆ. ನಿಮ್ಮ ಶಾಲೆಯಲ್ಲಿ ಈ ವರ್ಷ ಯಾರಾದರೂ ಬೆಟ್ಟ, ಕಣಿವೆ ಅಥವಾ ಜಲಪಾತದ ಮಾದರಿ ಮಾಡಲು ಹೊರಟಿದ್ದರೆ ಉಪಯೋಗಕ್ಕೆ ಬಂದೀತು.

ಡಯೋರಾಮಾ ಎಂದರೇನು?

ಭೂದೃಶ್ಯದ ಮಾದರಿಗಳಲ್ಲಿ ಎರಡು ಬಗೆ. ಒಂದು, ಭೂಗೋಳದ ಕೊಠಡಿಯಲ್ಲಿರುವ ಉಬ್ಬು ನಕಾಶೆ. ಅದನ್ನು ಮೇಲಿನಿಂದ, ಹದ್ದಿನಂತೆ ನೋಡುತ್ತೇವೆ. ಇನ್ನೊಂದು ಡಯೋರಾಮಾ. ಒಂದು ಗೊತ್ತಾದ ಜಾಗದಲ್ಲಿ ನಿಂತ ಮನುಷ್ಯನ ಕಣ್ಣಿಗೆ ಕಾಣುವುದನ್ನು ಅದು ತೋರಿಸುತ್ತದೆ. ಮುಂಭಾಗದಲ್ಲಿ ನಿಜವಾದ ಉಬ್ಬುತಗ್ಗು, ಹಿಂಭಾಗದಲ್ಲಿ ಬಣ್ಣ ಬಳಿದ ಪರದೆ. ಎರಡೂ ಎಲ್ಲಿ ಕೂಡುತ್ತವೆ ಎಂದು ತಿಳಿಯಬಾರದು.

ಈ ಹೆಸರನ್ನು ಬಳಕೆಗೆ ತಂದವನು ಫ್ರಾನ್ಸಿನ ಲೂಯಿ ಡಾಗೆರ್. ಮುಂದೆ ಛಾಯಾಚಿತ್ರಣದಿಂದ ಪ್ರಸಿದ್ಧನಾದವನೂ ಇವನೇ. 1822ರಲ್ಲಿ ಪ್ಯಾರಿಸ್ಸಿನಲ್ಲಿ ಅವನು ತೆರೆದ ಡಯೋರಾಮಾದಲ್ಲಿ ದೊಡ್ಡ ಪರದೆಯ ಚಿತ್ರದ ಮೇಲೂ ಹಿಂದಿನಿಂದಲೂ ಬೀಳುವ ಬೆಳಕನ್ನು ಬದಲಿಸಿ, ಹಗಲು ಇರುಳಾಗುವಂತೆ ತೋರಿಸುತ್ತಿದ್ದರು. ಸಂಗ್ರಹಾಲಯಗಳಲ್ಲಿ ಇಂದು ನಾವು ಕಾಣುವ ಬಗೆ ಬಂದದ್ದು ಆಮೇಲೆ. ಅಮೆರಿಕದ ಮಿಲ್ವಾಕೀ ಸಂಗ್ರಹಾಲಯದಲ್ಲಿ ಕಾರ್ಲ್ ಏಕ್ಲಿ 1890ರಲ್ಲಿ ಮಾಡಿದ, ನೀರಿಲಿಗಳ ಕುಟುಂಬವನ್ನು ಅದರ ಜೌಗಿನ ಸಮೇತ ತೋರಿಸುವ ರಚನೆ ಅದರ ಮೊದಲ ಉದಾಹರಣೆಗಳಲ್ಲೊಂದು. ನಮ್ಮಲ್ಲಿ ಮೈಸೂರಿನ ಕಾರಂಜಿ ಕೆರೆಯ ಪಕ್ಕದ ಪ್ರಾಕೃತಿಕ ವಿಜ್ಞಾನ ಸಂಗ್ರಹಾಲಯಕ್ಕೆ ಹೋದರೆ ಡಯೋರಾಮಾಗಳನ್ನು ನೋಡಬಹುದು. ಹೋದಾಗ ಪ್ರಾಣಿಗಳನ್ನಷ್ಟೇ ನೋಡಿ ಬರಬೇಡಿ. ಹಿಂದಿನ ಪರದೆಯ ಮೂಲೆಗಳನ್ನೂ ನೆರಳುಗಳನ್ನೂ ಗಮನಿಸಿ.

ಬಿದ್ದದ್ದು ನೀರಲ್ಲ, ಬಂಡೆ

ಜೋಗದಲ್ಲಿ ಶರಾವತಿ ರಾಜಾ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಕವಲುಗಳಾಗಿ ಧುಮುಕುತ್ತದೆ. ಎತ್ತರ 253 ಮೀಟರ್. ನಮ್ಮ ಬಳಿ ಇದ್ದ ಹಲಗೆ 4 ಅಡಿ ಉದ್ದ, 2 ಅಡಿ ಅಗಲದ್ದು. 1:500 ಪ್ರಮಾಣ ಇಟ್ಟುಕೊಂಡರೆ ಬಂಡೆಯ ಎತ್ತರ ಸುಮಾರು 51 ಸೆಂಟಿಮೀಟರ್ ಆಗುತ್ತದೆ. ಹಲಗೆಗೂ ಸರಿ, ಬಾಗಿಲಲ್ಲಿ ಸಾಗಿಸುವುದಕ್ಕೂ ಸರಿ.

ತಂತಿಯ ಬಲೆಯನ್ನು ಬಂಡೆಯ ಆಕಾರಕ್ಕೆ ಬಗ್ಗಿಸಿ, ಮೈದಾ ಅಂಟಿನಲ್ಲಿ ಅದ್ದಿದ ಹಳೆಯ ಪತ್ರಿಕೆಯ ಹಾಳೆಗಳನ್ನು ಪದರ ಪದರವಾಗಿ ಹೊದಿಸಿ, ಮೇಲೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಿದೆವು. ಮಕ್ಕಳು ಬಣ್ಣ ಹಚ್ಚಿದರು. ‘ನಿಜವಾದ ನೀರು ಬೀಳಬೇಕು’ ಎಂದು ಹಟ ಹಿಡಿದವನು ನಾನು. ಮೀನಿನ ತೊಟ್ಟಿಗೆ ಹಾಕುವ ಸಣ್ಣ ಪಂಪನ್ನು ಕೆಳಗಿನ ಮಡುವಿನಲ್ಲಿ ಅಡಗಿಸಿ, ಕೊಳವೆಯನ್ನು ಹಿಂದಿನಿಂದ ಮೇಲಕ್ಕೆ ಒಯ್ದೆವು.

ಪ್ರದರ್ಶನದ ದಿನ ವಿವರಣೆ ಕೊಡಲು ನಿಂತವಳು ಒಂಬತ್ತನೆಯ ತರಗತಿಯ ಹುಡುಗಿ. ಸಾಗರ ತಾಲ್ಲೂಕಿನವಳು, ಮಳೆಗಾಲದ ಜೋಗವನ್ನು ಎಷ್ಟೋ ಸಲ ಕಂಡವಳು. ತೀರ್ಪುಗಾರರು ಬಂದರು. ಪಂಪು ಹಾಕಿದೆವು. ನೀರು ಬಂಡೆಗೆ ಅಂಟಿಕೊಂಡು ಇರುವೆಯ ಸಾಲಿನಂತೆ ಅಡ್ಡಾದಿಡ್ಡಿ ಇಳಿಯಿತು. ಪಂಪಿನ ರಭಸ ಹೆಚ್ಚಿಸಿದಾಗ ಬಂಡೆ ಬಿಟ್ಟು ಹಾರಿ, ದಪ್ಪ ಹನಿಗಳಾಗಿ ಒಡೆದು ಟಪಟಪನೆ ಬಿತ್ತು. “ಇದು ಜೋಗವೇನಮ್ಮಾ? ನಲ್ಲಿ ಬಿಟ್ಟ ಹಾಗಿದೆಯಲ್ಲ?” ಎಂದರು ಒಬ್ಬರು. ಅವಳು ಪಾಠ ಮಾಡಿಕೊಂಡು ಬಂದ ವಾಕ್ಯಗಳನ್ನೆಲ್ಲ ಬಿಟ್ಟು, “ಹೌದು ಸರ್, ಅಲ್ಲಿ ನೀರು ಇಷ್ಟು ಬೇಗ ಬೀಳಲ್ಲ. ಯಾಕೆ ಅಂತ ಗೊತ್ತಾಗ್ತಿಲ್ಲ” ಎಂದು ಹೇಳಿ ನನ್ನತ್ತ ನೋಡಿದಳು. ನಾನು ಹೇಳಬಹುದಾಗಿದ್ದ ಉತ್ತರ ನನಗೆ ಹೊಳೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮೈದಾ ನೆನೆದು ಕಾಗದ ಸಡಿಲಾಯಿತು. ಒದ್ದೆಯಾದ ಪ್ಲಾಸ್ಟರ್ ಒಣಗಿದ್ದರಷ್ಟು ಗಟ್ಟಿ ಇರುವುದಿಲ್ಲ. ರಾಜಾ ಇಳಿಯುವ ಭಾಗದ ಬಂಡೆ ಪೂರ್ತಿಯಾಗಿ ಕಳಚಿ ಮಡುವಿಗೆ ಬಿತ್ತು.

ಅಂದು ಆ ಸಭಾಂಗಣದಲ್ಲಿ ಯಾರಾದರೂ ಭೌತಶಾಸ್ತ್ರ ಮಾತಾಡಿದ್ದರೆ ಆ ಹುಡುಗಿ ಮಾತ್ರ. ಊರಿಗೆ ಮರಳುವಾಗ ಬಸ್ಸಿನಲ್ಲಿ ಕುಳಿತು ಅವಳ ಪ್ರಶ್ನೆಯ ಲೆಕ್ಕ ಮಾಡಿದೆ.

ಎತ್ತರ ಕುಗ್ಗುತ್ತದೆ, ಗುರುತ್ವ ಕುಗ್ಗುವುದಿಲ್ಲ

ಬೀಳುವ ವಸ್ತು ತೆಗೆದುಕೊಳ್ಳುವ ಕಾಲವು ಎತ್ತರದ ವರ್ಗಮೂಲಕ್ಕೆ ಅನುಪಾತದಲ್ಲಿರುತ್ತದೆ. ಎತ್ತರದ ಎರಡರಷ್ಟನ್ನು 9.8ರಿಂದ ಭಾಗಿಸಿ ವರ್ಗಮೂಲ ತೆಗೆಯಿರಿ. ಗಾಳಿಯ ತಡೆಯನ್ನು ಬಿಟ್ಟರೆ 253 ಮೀಟರಿಗೆ ಸುಮಾರು 7.2 ಸೆಕೆಂಡ್ ಬರುತ್ತದೆ. ಜೋಗದ ಎದುರಿನ ವೀಕ್ಷಣಾ ತಾಣದಲ್ಲಿ ನಿಂತು, ತುದಿಯಲ್ಲಿ ಕಾಣಿಸಿಕೊಂಡ ಒಂದು ಬಿಳಿ ಮುದ್ದೆಯನ್ನು ಕಣ್ಣಿನಿಂದ ಹಿಂಬಾಲಿಸಿ ನೋಡಿ. ಅದು ನಿಧಾನವಾಗಿ, ತೇಲುತ್ತ ಬಂದಂತೆ ಕಾಣುತ್ತದೆ. ಆ ನಿಧಾನವೇ ಎತ್ತರದ ಗುರುತು. ಇಷ್ಟು ಹೊತ್ತು ಬೀಳಬೇಕಾದರೆ ಎಷ್ಟು ಎತ್ತರವಿರಬೇಕು ಎಂದು ಮನಸ್ಸು ನಮಗರಿವಿಲ್ಲದೆ ಲೆಕ್ಕ ಹಾಕಿರುತ್ತದೆ.

ನಮ್ಮ 51 ಸೆಂಟಿಮೀಟರಿಗೆ ಅದೇ ಲೆಕ್ಕ ಮಾಡಿದರೆ ಸಿಗುವುದು 0.32 ಸೆಕೆಂಡ್. ಎತ್ತರವನ್ನು 500 ಪಟ್ಟು ಕಿರಿದು ಮಾಡಿದ್ದೇವೆ. ಕಾಲ 500ರ ವರ್ಗಮೂಲದಷ್ಟು, ಅಂದರೆ 22 ಪಟ್ಟು ಕಿರಿದಾಗಿದೆ. ಕಣ್ಣು ನಿರೀಕ್ಷಿಸುವುದು 7 ಸೆಕೆಂಡಿನ ಪಯಣವನ್ನು. ಕಣ್ಣು ಮಿಟುಕಿಸುವಷ್ಟರಲ್ಲಿ ನೀರು ಕೆಳಗಿರುತ್ತದೆ. ಬಂಡೆಗೆ ಎಷ್ಟೇ ಚೆನ್ನಾಗಿ ಬಣ್ಣ ಬಳಿದಿದ್ದರೂ ‘ಇದು ಅರ್ಧ ಮೀಟರ್’ ಎಂದು ಆ ನೀರೇ ಚಾಡಿ ಹೇಳುತ್ತದೆ.

ಚಲನಚಿತ್ರಗಳಲ್ಲಿ ಅಣೆಕಟ್ಟು ಒಡೆಯುವ ದೃಶ್ಯವನ್ನು ಸಣ್ಣ ಮಾದರಿಯಲ್ಲಿ ತೆಗೆಯುವವರಿಗೆ ಈ ವಿಷಯ ಬಹಳ ಹಿಂದಿನಿಂದಲೂ ಗೊತ್ತು. ಅವರು ಕ್ಯಾಮೆರಾವನ್ನು ವೇಗವಾಗಿ ಓಡಿಸಿ, ತೆರೆಯ ಮೇಲೆ ನಿಧಾನವಾಗಿ ತೋರಿಸುತ್ತಾರೆ. ಈಗ ಈ ಪ್ರಯೋಗ ನಿಮ್ಮ ಕೈಯಲ್ಲೇ ಇದೆ. ಇಂದಿನ ಅನೇಕ ಮೊಬೈಲುಗಳು ಸೆಕೆಂಡಿಗೆ 240 ಚಿತ್ರ ತೆಗೆಯುತ್ತವೆ. ಅದನ್ನು ಸೆಕೆಂಡಿಗೆ 30ರಂತೆ ನೋಡಿದರೆ ಕಾಲ 8 ಪಟ್ಟು ಹಿಗ್ಗುತ್ತದೆ. 8ರ ವರ್ಗ 64. ಅಂದರೆ 1:64 ಪ್ರಮಾಣದ ಜಲಪಾತಕ್ಕೆ ಇದು ಸರಿಯಾದ ವೇಗ. 253 ಮೀಟರನ್ನು 64ರಿಂದ ಭಾಗಿಸಿದರೆ ಸುಮಾರು 4 ಮೀಟರ್, ನಿಮ್ಮ ಶಾಲೆಯ ಮೊದಲ ಮಹಡಿಯ ಎತ್ತರ! ಅಲ್ಲಿಂದ ಒಂದು ಬಕೆಟ್ ನೀರು ಸುರಿಸಿ (ಕೆಳಗೆ ಯಾರೂ ಇಲ್ಲವೆಂದು ಖಚಿತಪಡಿಸಿಕೊಂಡು) ಮೊಬೈಲಿನಲ್ಲಿ ನಿಧಾನಗತಿಯಲ್ಲಿ ನೋಡಿ. ನೀರು ಜೋಗದ ಕಾಲದಲ್ಲೇ, 7 ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಹೊತ್ತು ಬೀಳುತ್ತದೆ.

ಎರಡನೆಯ ತೊಡಕು ಹನಿ. ನೀರಿನ ಮೇಲ್ಮೈ ಎಳೆತ ಮಾದರಿಗೆಂದು ಕಡಿಮೆಯಾಗುವುದಿಲ್ಲ. ಸುಮಾರು 3 ಮಿಲಿಮೀಟರಿಗಿಂತ ಚಿಕ್ಕ ಅಳತೆಗಳಲ್ಲಿ ಗುರುತ್ವಕ್ಕಿಂತ ಅದರದೇ ಮೇಲುಗೈ. ಆದ್ದರಿಂದಲೇ ತೆಳ್ಳನೆಯ ನೀರು ಬಂಡೆಗೆ ಅಂಟಿಕೊಳ್ಳುತ್ತದೆ, ಬಿಡಿಸಿಕೊಂಡರೆ ದುಂಡಗಾಗುತ್ತದೆ. 1:500ರಲ್ಲಿ 3 ಮಿಲಿಮೀಟರಿನ ಹನಿ ಎಂದರೆ ಒಂದೂವರೆ ಮೀಟರ್ ಅಗಲದ ಚೆಂಡು. ಜೋಗದಿಂದ ಅಂಥ ಚೆಂಡುಗಳು ಉದುರುವುದನ್ನು ಕಂಡವರಿಲ್ಲ. ಗಾಳಿಯಲ್ಲಿ ಬೀಳುವ ನೀರಿನ ಹನಿ 5 ಮಿಲಿಮೀಟರಿಗಿಂತ ಬಹಳ ದೊಡ್ಡದಾಗಿ ಉಳಿಯುವುದಿಲ್ಲ, ಒಡೆದುಹೋಗುತ್ತದೆ. ಅದನ್ನು 500ರಿಂದ ಭಾಗಿಸಿದರೆ ಮಿಲಿಮೀಟರಿನ ನೂರನೆಯ ಒಂದು ಭಾಗ, ಅಂದರೆ ಮಂಜಿನ ಕಣದ ಗಾತ್ರ. ನಮ್ಮ ಮಾದರಿಗೆ ಬೇಕಾಗಿದ್ದುದು ಮಂಜು, ನಾವು ಕೊಟ್ಟದ್ದು ನಲ್ಲಿ ನೀರು. ತೀರ್ಪುಗಾರರು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ.

ಹಾಗಾದರೆ ಏನು ಮಾಡುವುದು? ನೀರನ್ನು ಬಿಟ್ಟುಬಿಡಿ. ಎರಡನೆಯ ಸಲ ನಾವು ಅರಳೆ ಬಳಸಿದೆವು. ಹತ್ತಿಯ ಎಳೆ ಸುಮಾರು 0.02 ಮಿಲಿಮೀಟರ್ ದಪ್ಪ. 500ರಿಂದ ಗುಣಿಸಿದರೆ 1 ಸೆಂಟಿಮೀಟರ್. ಧುಮುಕುವ ನೀರಿನಲ್ಲಿ ಕಾಣುವ ಎಳೆಗಳಿಗೆ ಇದು ಒಪ್ಪುವ ಅಳತೆ. ಮೀನು ಹಿಡಿಯುವ ನೈಲಾನ್ ದಾರವನ್ನು ತುದಿಯಿಂದ ಮಡುವಿನವರೆಗೆ ಕಟ್ಟಿ, ಅರಳೆಯನ್ನು ಬಹಳ ತೆಳುವಾಗಿ ಎಳೆದು ಅದರ ಮೇಲೆ ಇಳಿಬಿಡಿ. ನೀರು ಬೆರೆಸಿದ ಫೆವಿಕಾಲನ್ನು ಕುಂಚದ ತುದಿಯಲ್ಲಿ ಅಲ್ಲಲ್ಲಿ ಮುಟ್ಟಿಸಿ. ಕೆಳಗೆ ಬಂದಂತೆ ಅರಳೆ ಅಗಲವಾಗಿ ಕೆದರಿಕೊಳ್ಳಲಿ. ಅದು ಕದಲುವುದಿಲ್ಲ, ನಿಜ. ಆದರೆ ನಿಂತ ಜಲಪಾತವನ್ನು ಕಣ್ಣು ಛಾಯಾಚಿತ್ರವೆಂದು ಒಪ್ಪಿಕೊಳ್ಳುತ್ತದೆ. ಅವಸರದ ಜಲಪಾತವನ್ನು ಒಪ್ಪುವುದಿಲ್ಲ.

ಮಡುವಿಗೆ ಎಪಾಕ್ಸಿ ರಾಳ ಹಾಕುವವರು 3-4 ಮಿಲಿಮೀಟರ್ ದಪ್ಪಕ್ಕಿಂತ ಹೆಚ್ಚನ್ನು ಒಂದೇ ಸಲ ಸುರಿಯಬೇಡಿ. ಗಟ್ಟಿಯಾಗುವಾಗ ಅದು ಶಾಖ ಬಿಡುತ್ತದೆ. ಕೆಳಗೆ ಥರ್ಮೋಕೋಲ್ ಇದ್ದರೆ ಕುಸಿಯಬಹುದು. ಸ್ಪ್ರೇ ಬಣ್ಣಗಳಲ್ಲಿರುವ ದ್ರಾವಕಗಳೂ ಥರ್ಮೋಕೋಲನ್ನು ಕರಗಿಸುತ್ತವೆ, ಮೊದಲು ಒಂದು ತುಂಡಿನ ಮೇಲೆ ನೋಡಿಕೊಳ್ಳಿ.

ಯಾವ ತಿಂಗಳ ಜೋಗ?

ಇದನ್ನು ನಾವು ಮೊದಲ ಬಾರಿ ಕೇಳಿಕೊಳ್ಳಲೇ ಇಲ್ಲ. ಆಗಸ್ಟಿನ ಜೋಗ ಒಂದು, ಮಾರ್ಚಿನ ಜೋಗ ಇನ್ನೊಂದು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದ ಮೇಲೆ ಜಲಪಾತಕ್ಕೆ ಬರುವ ನೀರು ಮಳೆಯನ್ನಷ್ಟೇ ಅಲ್ಲ, ಅಣೆಕಟ್ಟಿನಿಂದ ಬಿಡುವ ನೀರನ್ನೂ ಅವಲಂಬಿಸಿದೆ. ನಾಲ್ಕೂ ಕವಲುಗಳು ತುಂಬಿ ಧುಮುಕುವ ಮಾದರಿ ಮಾಡಿ ಚೀಟಿಯಲ್ಲಿ ‘ಜೋಗ’ ಎಂದಷ್ಟೇ ಬರೆದರೆ, ಬೇಸಿಗೆಯಲ್ಲಿ ಹೋಗಿ ಬಂಡೆಯ ಮೇಲೆ ನಾಲ್ಕು ಬಿಳಿ ಗೆರೆಗಳನ್ನೋ ಬರಿಯ ಬಂಡೆಯನ್ನೋ ಕಂಡ ಮಗುವಿಗೆ ಮಾದರಿ ಸುಳ್ಳು ಹೇಳಿದಂತೆ. ನಮ್ಮ ಎರಡನೆಯ ಚೀಟಿಯಲ್ಲಿ ತಿಂಗಳು, ಹೊತ್ತು, ನೋಡುವ ಜಾಗ, ಪ್ರಮಾಣ ಎಲ್ಲವನ್ನೂ ಬರೆದೆವು. ಬರೆಯಲು ಹೊರಟಾಗಲೇ ಎಷ್ಟೋ ವಿಷಯಗಳು ಇತ್ಯರ್ಥವಾದವು: ಹುಲ್ಲಿನ ಬಣ್ಣ, ಆಕಾಶದ ಬಣ್ಣ, ನೆರಳು ಬೀಳುವ ದಿಕ್ಕು.

ಆದ್ದರಿಂದ ಮಾದರಿ ಮಾಡುವ ಮೊದಲು ಜಾಗಕ್ಕೆ ಹೋಗಿ ಬನ್ನಿ. ಒಂದೇ ಕಡೆ ನಿಂತು ಚಿತ್ರಗಳನ್ನು ತೆಗೆಯಿರಿ, ದಿಕ್ಸೂಚಿ ಹಿಡಿದು ಸೂರ್ಯನ ದಿಕ್ಕನ್ನು ಗುರುತು ಹಾಕಿಕೊಳ್ಳಿ. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ನಕಾಶೆಯಲ್ಲಿ 2 ಸೆಂಟಿಮೀಟರ್ ಎಂದರೆ 1 ಕಿಲೋಮೀಟರ್. ದೃಶ್ಯದ ಅಗಲವನ್ನು ಅದರಲ್ಲಿ ಅಳೆಯಬಹುದು.

ಬಂಡೆ, ಮರ, ಮನುಷ್ಯ

ಪ್ರಕೃತಿ ಎಲ್ಲ ಕಡೆಯೂ ತಕರಾರು ಮಾಡುವುದಿಲ್ಲ, ಕೆಲವು ಕಡೆ ಸಹಾಯವನ್ನೂ ಮಾಡುತ್ತದೆ. ಉದ್ದ 500 ಪಟ್ಟು ಕುಗ್ಗಿದರೆ ತೂಕ 500ರ ಘನದಷ್ಟು, ಅಂದರೆ 12 ಕೋಟಿ 50 ಲಕ್ಷ ಪಟ್ಟು ಕುಗ್ಗುತ್ತದೆ. ಆ ತೂಕವನ್ನು ಹೊರುವ ಅಡ್ಡಕೊಯ್ತದ ವಿಸ್ತೀರ್ಣ ಕುಗ್ಗುವುದು ವರ್ಗದಷ್ಟು, 2 ಲಕ್ಷ 50 ಸಾವಿರ ಪಟ್ಟು ಮಾತ್ರ. ಹಾಗಾಗಿ ಮಾದರಿಯ ಬಂಡೆಯ ಮೇಲೆ ಒತ್ತಡ ಬಹಳ ಕಡಿಮೆ. ಹಳೆಯ ಕಾಗದ ಮತ್ತು ಅಂಟು ಕಡಿದಾದ ಬಂಡೆಯಾಗಿ ನಿಲ್ಲುವುದು ಇದರಿಂದಲೇ, ಒದ್ದೆ ಮಾಡದಿದ್ದರೆ. ಗೆಲಿಲಿಯೋ 1638ರ ತನ್ನ ಪುಸ್ತಕದಲ್ಲಿ ದೊಡ್ಡ ಪ್ರಾಣಿಗಳ ಎಲುಬಿನ ದಪ್ಪವನ್ನು ವಿವರಿಸಿದ್ದು ಇದೇ ತರ್ಕದಿಂದ.

ಕೋನಗಳಂತೂ ಕುಗ್ಗುವುದೇ ಇಲ್ಲ. ಒಣ ಮರಳನ್ನು ಸುರಿದರೆ ಗುಡ್ಡೆಯ ಇಳಿಜಾರು ಸುಮಾರು 30ರಿಂದ 35 ಡಿಗ್ರಿಯಲ್ಲಿ ನಿಲ್ಲುತ್ತದೆ, ಗುಡ್ಡೆ ಅಂಗೈಯಷ್ಟಿರಲಿ, ಆಳೆತ್ತರವಿರಲಿ. ಬಂಡೆಯ ಬುಡದ ಕಲ್ಲುರಾಶಿಯನ್ನು ಕೈಯಿಂದ ತೀಡಿ ರೂಪಿಸಬೇಡಿ. ಜರಡಿ ಹಿಡಿದ ಜಲ್ಲಿಪುಡಿಯನ್ನು ಮೇಲಿನಿಂದ ಸುರಿದು, ಅದು ನಿಂತ ಹಾಗೆಯೇ ಅಂಟು ಚಿಮುಕಿಸಿ.

1:500ರಲ್ಲಿ 25 ಮೀಟರಿನ ಮರ 5 ಸೆಂಟಿಮೀಟರ್. ಮನುಷ್ಯ 3.3 ಮಿಲಿಮೀಟರ್, ಒಂದು ಅಕ್ಕಿನುಚ್ಚು. ಎಲೆಗಳನ್ನು ಮಾಡುವುದು ಹೇಗೆ ಎಂಬ ಚಿಂತೆ ಬೇಡ. ನಮ್ಮ ಕಣ್ಣು ಒಂದು ಮೀಟರ್ ದೂರದಿಂದ ಸುಮಾರು 0.3 ಮಿಲಿಮೀಟರಿಗಿಂತ ಚಿಕ್ಕ ವಿವರಗಳನ್ನು ಬಿಡಿಸಿ ಕಾಣಲಾರದು. ಆ ಪ್ರಮಾಣದಲ್ಲಿ ಅದು 15 ಸೆಂಟಿಮೀಟರ್. ಹೆಚ್ಚಿನ ಎಲೆಗಳು ಅದಕ್ಕಿಂತ ಚಿಕ್ಕವು. ಸ್ಪಂಜನ್ನು ಪುಡಿ ಮಾಡಿ ಮೂರು ನಾಲ್ಕು ಬಗೆಯ ಹಸಿರು ಬಣ್ಣ ಕಲಸಿದರೆ ಸಾಕು. ಪುಡಿ ಮಾಡಲು ಮನೆಯ ಮಿಕ್ಸಿ ಬಳಸಬೇಡಿ, ಅನುಭವದಿಂದ ಹೇಳುತ್ತಿದ್ದೇನೆ.

ಪ್ಲಾಸ್ಟರ್ ಕಲಸುವಾಗ ಪುಡಿ ಮೂಗಿಗೆ ಹೋಗದಂತೆ ಬಟ್ಟೆ ಕಟ್ಟಿಕೊಳ್ಳಿ. ಅದು ನೀರನ್ನು ಹೀರಿ ಜಿಪ್ಸಮ್ ಆಗುವಾಗ ಬಿಸಿಯಾಗುತ್ತದೆ. ಮಕ್ಕಳು ತಮಾಷೆಗೂ ಅದರಲ್ಲಿ ಕೈ ಅದ್ದಿ ಕೂರಬಾರದು.

ಕಣ್ಣಿನ ಎತ್ತರ ಮತ್ತು ಗಾಳಿಯ ಬಣ್ಣ

ಮೊದಲ ಮಾದರಿಯನ್ನು ನಾವು 75 ಸೆಂಟಿಮೀಟರ್ ಎತ್ತರದ ಬೆಂಚಿನ ಮೇಲಿಟ್ಟಿದ್ದೆವು. ಎಲ್ಲರೂ ಬಗ್ಗಿ ನೋಡಿದರು. ಬಗ್ಗಿ ನೋಡಿದ್ದೆಲ್ಲ ಆಟಿಕೆಯಾಗಿಯೇ ಕಾಣುತ್ತದೆ. ಸಮತಟ್ಟಾದ ನಾಡಿನಲ್ಲಿ ದಿಗಂತ ಯಾವಾಗಲೂ ನೋಡುವವನ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಆದ್ದರಿಂದ ಪರದೆಯ ಮೇಲೆ ಬರೆದ ದಿಗಂತವೂ ನೋಡುಗರ ಕಣ್ಣಿನ ಎತ್ತರಕ್ಕೆ ಬರಬೇಕು. ಯಾರ ಕಣ್ಣು? ಮಕ್ಕಳದು. ದೊಡ್ಡವರು ಸ್ವಲ್ಪ ಮಂಡಿ ಬಗ್ಗಿಸಲಿ. ಒಂದು ಕಣ್ಣು ಮುಚ್ಚಿ ನೋಡುವಂತೆಯೂ ಹೇಳಿ. ಕಣಿವೆ ತಟ್ಟನೆ ಆಳವಾಗುತ್ತದೆ. ನಮ್ಮ ಎರಡು ಕಣ್ಣುಗಳ ನಡುವೆ ಇರುವುದು ಸುಮಾರು 6.5 ಸೆಂಟಿಮೀಟರ್, 1:500ರ ಜಗತ್ತಿನಲ್ಲಿ ಅದು 32 ಮೀಟರ್. ಕಣ್ಣುಗಳ ನಡುವೆ ಅಷ್ಟು ಅಂತರವಿರುವ ದೈತ್ಯನಿಗೆ ಜೋಗವೂ ಆಟಿಕೆಯೇ.

ಇನ್ನು ಗಾಳಿ. ನಿಜವಾದ ಕಣಿವೆಯಲ್ಲಿ ದೂರದ ಗುಡ್ಡಕ್ಕೂ ನಮಗೂ ನಡುವೆ ಕಿಲೋಮೀಟರುಗಟ್ಟಲೆ ಗಾಳಿ ಇರುತ್ತದೆ. ಅದು ಬೆಳಕನ್ನು ಚದರಿಸುತ್ತದೆ. ಅಣುಗಳಿಂದಾಗುವ ಚದರಿಕೆ ತರಂಗದೂರದ ನಾಲ್ಕನೆಯ ಘಾತಕ್ಕೆ ವಿಲೋಮವೆಂದು ಲಾರ್ಡ್ ರೇಲೀ 1871ರಲ್ಲಿ ತೋರಿಸಿದ. 450 ನ್ಯಾನೋಮೀಟರಿನ ನೀಲಿ, 650ರ ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದರುತ್ತದೆ. ದೂರದ ಬೆಟ್ಟ ನೀಲಿಯಾಗುವುದು ಹೀಗೆ. ಮಾದರಿಯಲ್ಲಿ ಈ ಗಾಳಿ ಇಲ್ಲ. ಅದನ್ನು ಕುಂಚದಿಂದ ಹಚ್ಚಬೇಕು. ಹಿಂದೆ ಹೋದಂತೆ ಹಸಿರಿಗೆ ಆಕಾಶದ ಬಣ್ಣವನ್ನು ಹೆಚ್ಚು ಹೆಚ್ಚಾಗಿ ಬೆರೆಸಿ. ಆದರೆ ನಮ್ಮದು ಆಗಸ್ಟಿನ ಜೋಗ. ಮಳೆಗಾಲದ ಗಾಳಿಯಲ್ಲಿ ತೇಲುವ ನೀರಿನ ಕಣಗಳು ತರಂಗದೂರಕ್ಕಿಂತ ದೊಡ್ಡವು, ಎಲ್ಲ ಬಣ್ಣಗಳನ್ನೂ ಸುಮಾರು ಸಮವಾಗಿ ಚದರಿಸುತ್ತವೆ. ಹಾಗಾಗಿ ನಾವು ಬೆರೆಸಿದ್ದು ನೀಲಿಯನ್ನಲ್ಲ, ಬೂದು ಬಿಳಿಯನ್ನು. ನಮ್ಮ ಮೊದಲ ಪರದೆಯ ಕಡುನೀಲಿ ಬೆಟ್ಟಗಳು ಕ್ಯಾಲೆಂಡರಿನಿಂದ ಬಂದವು, ಜೋಗದಿಂದಲ್ಲ. ಪರದೆಯನ್ನು ಮೂಲೆಗಳಿಲ್ಲದಂತೆ ಕಮಾನಾಗಿ ಬಗ್ಗಿಸಿ.

ದೀಪ ಮತ್ತು ಗಾಜು

ಸೂರ್ಯನ ಕಿರಣಗಳು ಸಮಾಂತರ, ನೆರಳುಗಳೂ ಸಮಾಂತರ. ಹಲಗೆಯಿಂದ ಒಂದು ಮೀಟರ್ ದೂರದಲ್ಲಿ ಬಲ್ಬು ಹಾಕಿದರೆ 4 ಅಡಿ ಉದ್ದದ ಹಲಗೆಯ ಎರಡು ತುದಿಗಳಲ್ಲಿನ ನೆರಳುಗಳ ದಿಕ್ಕಿನಲ್ಲಿ 60 ಡಿಗ್ರಿಯಷ್ಟು ವ್ಯತ್ಯಾಸ ಬರಬಹುದು. ಒಂದೇ ಬಯಲಿನಲ್ಲಿ ಎರಡು ಸೂರ್ಯರಿದ್ದಂತೆ! ದೀಪವನ್ನು 4 ಮೀಟರ್ ಹಿಂದಕ್ಕೆ ಒಯ್ದರೆ ಇದು 17 ಡಿಗ್ರಿಗೆ ಇಳಿಯುತ್ತದೆ. ಅಷ್ಟು ಜಾಗವಿಲ್ಲದಿದ್ದರೆ ದೀಪದ ಬೆಳಕನ್ನು ಗೋಡೆಯ ಕನ್ನಡಿಗೆ ಬಿಟ್ಟು ಹಿಂದಿರುಗಿಸಿ. ಆಕಾಶದಲ್ಲಿ ಸೂರ್ಯನ ಅಗಲ ಅರ್ಧ ಡಿಗ್ರಿ. 4 ಮೀಟರ್ ದೂರದ ದೀಪಕ್ಕೆ ಅದು ಸುಮಾರು 3.7 ಸೆಂಟಿಮೀಟರ್. ಉದ್ದನೆಯ ಟ್ಯೂಬ್‌ಲೈಟ್ ಸೂರ್ಯನಾಗಲಾರದು, ಆದರೆ ಮೋಡ ಕವಿದ ಆಕಾಶವಾಗಬಲ್ಲದು. ಮಳೆಗಾಲದ ದೃಶ್ಯಕ್ಕೆ ಟ್ಯೂಬಿನ ಬೆಳಕೇ ಮುಖ್ಯವಾಗಿರಲಿ, ಮೋಡ ಸರಿದ ಕ್ಷಣವನ್ನು ತೋರಿಸಲು ದೂರದ ಚಿಕ್ಕ ದೀಪವೊಂದಿರಲಿ.

ಮುಂದೆ ಗಾಜು ಹಾಕುವುದು ಅಗತ್ಯ. 0.05 ಮಿಲಿಮೀಟರಿನ ಧೂಳಿನ ಕಣ ಈ ಪ್ರಮಾಣದಲ್ಲಿ ಎರಡೂವರೆ ಸೆಂಟಿಮೀಟರಿನ ಕಲ್ಲು. ಒಂದು ವರ್ಷದಲ್ಲಿ ಜೋಗ ಜಲ್ಲಿಯಿಂದ ತುಂಬಿಹೋಗುತ್ತದೆ. ಗಾಜನ್ನು ನೇರವಾಗಿ ನಿಲ್ಲಿಸಿದರೆ ನೋಡುಗನಿಗೆ ತನ್ನ ಮುಖವೇ ಕಾಣುತ್ತದೆ. ಮೇಲಂಚು ನೋಡುಗನ ಕಡೆಗೆ ವಾಲುವಂತೆ ಸ್ವಲ್ಪ ಓರೆ ಮಾಡಿ, ಕೆಳಗೆ ನೆಲದ ಮೇಲೆ ಕಪ್ಪು ಬಟ್ಟೆ ಹಾಸಿದರೆ ಪ್ರತಿಬಿಂಬ ಕಾಣೆಯಾಗುತ್ತದೆ.

ಎರಡನೆಯ ಮಾದರಿ ಮುಗಿಯುತ್ತಿದ್ದಾಗ ಅದೇ ಹುಡುಗಿ ಇನ್ನೊಂದು ಪ್ರಶ್ನೆ ಕೇಳಿದಳು: “ಸರ್, ಕಾಮನಬಿಲ್ಲು ಎಲ್ಲಿ ಬಿಡಿಸಬೇಕು?” ನೋಡುಗನ ಬೆನ್ನ ಹಿಂದೆ ಸೂರ್ಯನಿದ್ದಾಗ, ಅವನ ತಲೆಯ ನೆರಳು ಬೀಳುವ ದಿಕ್ಕಿನಿಂದ ಸುಮಾರು 42 ಡಿಗ್ರಿ ಕೋನದಲ್ಲಿ ಅದು ಕಾಣುತ್ತದೆ. ಅವನು ಒಂದು ಹೆಜ್ಜೆ ಸರಿದರೆ ಬಿಲ್ಲೂ ಅವನೊಂದಿಗೆ ಸರಿಯುತ್ತದೆ. ಪಕ್ಕದಲ್ಲಿ ನಿಂತವನ ಬಿಲ್ಲು ಬೇರೆ. ಪರದೆಯ ಮೇಲೆ ಒಂದು ಕಡೆ ಬಿಡಿಸಿದರೆ ಅದು ಒಬ್ಬನಿಗೆ ಸರಿ, ಉಳಿದವರಿಗೆಲ್ಲ ತಪ್ಪು. ಅವಳು ಪ್ರೊಟ್ರ್ಯಾಕ್ಟರ್ ಹಿಡಿದು ಪರದೆಯ ಮುಂದೆ ಎಡಕ್ಕೂ ಬಲಕ್ಕೂ ನಡೆದು ನೋಡಿ ಕುಂಚವನ್ನು ತೊಳೆದಿಟ್ಟಳು. ನಮ್ಮ ಜೋಗದಲ್ಲಿ ಕಾಮನಬಿಲ್ಲು ಇಲ್ಲ.